ಕಿಟಕಿಗೆ ನೇತುಹಾಕಿದ ಒದ್ದೆ ಬಟ್ಟೆ

ಓಣಿ ಎಷ್ಟು ಇಕ್ಕಟ್ಟೆಂದರೆ, ಮೇಲಿನ ಮಹಡಿಯಲ್ಲಿ ಸೂಜಿಯಜ್ಜಿ ಸೀನಿದರೆ ಎದುರು ಕಿಟಕಿಯ ಬೀಗದಜ್ಜ ಮುಖ ಒರೆಸಿಕೊಳ್ಳುವ ನಾಟಕ ಮಾಡುತ್ತಿದ್ದ. ಕೈ ಚಾಚಿದರೆ ಬೆರಳಿಗೆ ಬೆರಳು ತಾಗುವಷ್ಟು ಹತ್ತಿರವೇನಲ್ಲ. ಆದರೆ ಅಜ್ಜಿ ತನ್ನ ಹೊಲಿಗೆಯ ಗಜಕಡ್ಡಿಯನ್ನು ಕಿಟಕಿಯಾಚೆ ಚಾಚಿದರೆ ಅದರ ತುದಿ ಅಜ್ಜನ ಕಿಟಕಿಯ ಚೌಕಟ್ಟಿಗೆ ಬಡಿಯುತ್ತಿತ್ತು. ಸಾಣೆ ಹಿಡಿಯಬೇಕಾದ ಕತ್ತರಿ ಕಡ್ಡಿಯ ತುದಿಯಲ್ಲಿ ತೂಗಾಡುತ್ತ ಆ ಕಡೆ ಹೋಗುತ್ತಿತ್ತು. ಗುಂಡಿ ಕಿತ್ತ ಅಂಗಿ ಅದೇ ದಾರಿಯಲ್ಲಿ ಈ ಕಡೆ ಬರುತ್ತಿತ್ತು.

ಬೀಗದಜ್ಜ ಬದುಕಿಡೀ ಬೀಗ ರಿಪೇರಿ ಮಾಡಿದವನು. ತನ್ನ ಬಾಗಿಲಿಗೆ ಮಾತ್ರ ಎಂದೂ ಬೀಗ ಹಾಕಿದವನಲ್ಲ. ಕೇಳಿದರೆ, "ಒಳಗೇನಿದೆ ಅಂತ ಗೊತ್ತಿರೋ ಯಾವ ಕಳ್ಳನೂ ಇಷ್ಟು ಮೆಟ್ಟಿಲು ಹತ್ತಲ್ಲ" ಎನ್ನುತ್ತಿದ್ದ. ಅವನ ಹೆಂಡತಿ ಇದ್ದಾಗ ಅವಳೂ ಸೂಜಿಯಜ್ಜಿಯೂ ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದುಂಟು. ಅವನ ಮಗಳು ಅಜ್ಜಿಯ ಕಿಟಕಿಯಲ್ಲೇ ಕೂತು ಅಕ್ಷರ ಕಲಿತವಳು, ಅಜ್ಜಿಯನ್ನು ಅತ್ತೆ ಎಂದು ಕರೆಯುವವಳು. ಈಗ ಅವಳು ಊರಿನ ಆಚೆ ತುದಿಯಲ್ಲಿದ್ದಳು. ರಜೆಯ ದಿನ ಬಸ್ಸು ಹಿಡಿದು ಬಂದು, ಅಪ್ಪನ ಬಟ್ಟೆ ಒಗೆದು, ಅತ್ತೆಯ ಕಾಲು ಒತ್ತಿ ಹೋಗುತ್ತಿದ್ದಳು.

ಅಜ್ಜಿಯ ಕೋಣೆಗೆ ಇದ್ದದ್ದು ಅದೊಂದೇ ಕಿಟಕಿ. ಅಜ್ಜನ ಕೋಣೆಗೆ ಹಿಂದುಗಡೆ ಇನ್ನೊಂದಿತ್ತು, ಬಯಲ ಕಡೆಗೆ. ಸಂಜೆಯ ಗಾಳಿ ಆ ಹಿಂದಿನ ಕಿಟಕಿಯಲ್ಲಿ ನುಗ್ಗಿ, ಅಜ್ಜನ ಕೋಣೆಯನ್ನು ದಾಟಿ, ಓಣಿಯನ್ನು ದಾಟಿ ಅಜ್ಜಿಯ ಕೋಣೆಗೆ ಬರುತ್ತಿತ್ತು.

"ನನ್ನ ಮನೆ ಗಾಳಿ ತಿಂದ್ಕೊಂಡು ನನಗೇ ಬೈತೀಯಲ್ಲೇ ಸೂಜಿ" ಎನ್ನುತ್ತಿದ್ದ ಅಜ್ಜ.

"ನಿನ್ನ ಬೀಡಿ ವಾಸನೇನೂ ಅದರ ಜೊತೆಗೇ ತಿಂತಿದ್ದೀನಲ್ಲ ಅಣ್ಣಾ, ಅದಕ್ಕೇ ಬೈಯೋದು" ಎನ್ನುತ್ತಿದ್ದಳು ಅಜ್ಜಿ.

ಓಣಿಯ ಮನೆಗಳೆಲ್ಲ ಬಹಳ ಹಳೆಯವು. ಕೆಳಗೆ ಗೋಡೆ ದಪ್ಪ, ನೆಲ ತಂಪು. ಮೇಲಿನ ಕೋಣೆಗಳಿಗೆ ಮಾತ್ರ ತಗಡಿನ ಮಾಡು. ಬಿಸಿಲು ಏರಿದರೆ ಆ ತಗಡು ಟಕ್ ಟಕ್ ಎಂದು ಸದ್ದು ಮಾಡುತ್ತ ಹಿಗ್ಗುತ್ತಿತ್ತು. ಪುರಾತನ ಕಟ್ಟಡಗಳೆಂದು ಹೊರಗೋಡೆಗೆ ತಂಪಿನ ಯಂತ್ರ ಕೂರಿಸಲು ಅಪ್ಪಣೆ ಇರಲಿಲ್ಲ. ಹೊರಗಿನವರು ಬಂದು ಗೋಡೆಗಳ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. "ಗೋಡೆಗೆ ವಯಸ್ಸಾದ್ರೆ ಬೋರ್ಡು ಹಾಕಿ ಮರ್ಯಾದೆ ಮಾಡ್ತಾರೆ, ನಮಗೆ ವಯಸ್ಸಾದ್ರೆ ಡಾಕ್ಟ್ರು ನಾಲಿಗೆ ಚಾಚು ಅಂತಾರೆ" ಎಂದು ಅಜ್ಜ ಗೊಣಗುತ್ತಿದ್ದ.

ಆ ವರ್ಷ ಬೇಸಗೆ ಬೇಗ ಬಂತು. ಬಂದದ್ದು ಹೋಗಲೇ ಇಲ್ಲ. ಬೇರೆ ಓಣಿಯಲ್ಲಿ ಒಬ್ಬ ಮುದುಕಿ ಕೋಣೆಯಲ್ಲೇ ಸತ್ತು, ಯಾರಿಗೂ ತಿಳಿಯದೆ ಹೋದ ಮೇಲೆ, ಬಡಾವಣೆಯ ಚಿಕಿತ್ಸಾಲಯದಿಂದ ನರ್ಸಮ್ಮ ಮನೆಮನೆಯ ಮೆಟ್ಟಿಲು ಹತ್ತಿದಳು. ಮಗುವನ್ನು ಸೊಂಟದ ಮೇಲೆ ಎತ್ತಿ ಎತ್ತಿ ಒಂದು ಪಕ್ಕಕ್ಕೆ ವಾಲಿ ನಡೆಯುವುದು ರೂಢಿಯಾಗಿದ್ದ ಹೆಣ್ಣು ಅವಳು. ಈಗ ಆ ಪಕ್ಕದಲ್ಲಿ ಔಷಧಿಯ ಚೀಲವಿತ್ತು. ಓಣಿಯ ಕೊನೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮಧ್ಯಾಹ್ನ ವಯಸ್ಸಾದವರು ಬಂದು ಕೂರಲೆಂದು ಬೆಂಚು ಹಾಕಿಸಿದ್ದಳು. ಅಜ್ಜ ಒಮ್ಮೆ ಹೋಗಿ ಬಂದ. ಇಳಿಯುವುದೇನೋ ಆಯಿತು, ಹತ್ತುವಾಗ ಕೆಳಮನೆಯ ಕ್ಷೌರಿಕ ಹಿಂದಿನಿಂದ ಕೆಟ್ಟುನಿಂತ ಗಾಡಿ ತಳ್ಳಿದ ಹಾಗೆ ತಳ್ಳಬೇಕಾಯಿತು. ಮತ್ತೆ ಹೋಗಲಿಲ್ಲ. ಅವನು ಹೋಗದ ಮೇಲೆ ಅಜ್ಜಿಯೂ ಹೋಗಲಿಲ್ಲ.

ಹಾಗೆ ಹೋಗಲಾರದವರಿಗೆಂದು ನರ್ಸಮ್ಮ ಇನ್ನೊಂದು ಉಪಾಯ ಹೇಳಿದಳು.

"ಬೆಳಗ್ಗೆ ಎದ್ದ ಕೂಡ್ಲೇ ಒಂದು ದಪ್ಪ ಬಟ್ಟೆ ನೀರಲ್ಲಿ ಅದ್ದಿ ಕಿಟಕಿ ಹೊರಗೆ ನೇತುಹಾಕಿ ಅಜ್ಜಿ. ಒಳಗೆ ಬರೋ ಗಾಳಿ ಒಂಚೂರು ತಣ್ಣಗಾಗುತ್ತೆ. ಮಧ್ಯಾಹ್ನದ ಹೊತ್ತಿಗೆ ಒಣಗಿರುತ್ತೆ, ಮತ್ತೆ ಅದ್ದಿ ಹಾಕಿ. ನೀರು ತೊಟ್ಟಿಕ್ಕಿ ಕೆಳಗಡೆ ಕಲ್ಲು ಒದ್ದೆಯಾಗುತ್ತಲ್ಲ, ನಾನು ಎರಡು ಹೊತ್ತೂ ಓಣೀಲಿ ಅದನ್ನ ನೋಡ್ಕೊಂಡು ಹೋಗ್ತೀನಿ. ಕಲ್ಲು ಒದ್ದೆ ಇದ್ರೆ ಎದ್ದಿದ್ದೀರಿ, ಓಡಾಡಿದ್ದೀರಿ ಅಂತ ಅರ್ಥ. ಒಣಗಿದ್ರೆ ಮೇಲಕ್ಕೆ ಬರ್ತೀನಿ. ಎಲ್ಲಾ ಮನೆ ಮೆಟ್ಟಿಲೂ ದಿನಾ ಹತ್ತೋಕೆ ನಾನೊಬ್ಬಳೇ ಅಲ್ವಾ?"

"ಪಾಪ, ನೀನ್ಯಾಕೆ ಹತ್ತಬೇಕಮ್ಮ" ಎಂದಳು ಅಜ್ಜಿ. ಅವತ್ತೇ ಉಳಿದ ತುಂಡುಬಟ್ಟೆಗಳನ್ನೆಲ್ಲ ಎರಡು ಪದರ ಮಾಡಿ, ತುದಿಗೊಂದು ಕುಣಿಕೆ ಹೊಲಿದು, ಓಣಿಯ ಮುದುಕರಿಗೆಲ್ಲ ಕೊಟ್ಟಳು. ಅಜ್ಜನ ಕಿಟಕಿಯ ಮೊಳೆಗೆ ನೀಲಿ ಬಟ್ಟೆ ಬಂತು.

ಅಜ್ಜನಿಗೆ ರಾತ್ರಿಯ ಸೆಕೆಗೆ ನಿದ್ದೆ ಬರುತ್ತಿರಲಿಲ್ಲ. ಬೆಳಕು ಹರಿಯುವಾಗ ಕಣ್ಣು ಹತ್ತಿದರೆ ಬಿಸಿಲು ಏರುವ ತನಕ ಏಳುತ್ತಿರಲಿಲ್ಲ. ಬಟ್ಟೆ ಒಣಗಿಯೇ ಇರುತ್ತಿತ್ತು. ನರ್ಸಮ್ಮ ಏದುಸಿರು ಬಿಡುತ್ತ ಮೇಲೆ ಬಂದರೆ ಅಜ್ಜ ಗೊರಕೆ ಹೊಡೆಯುತ್ತಿದ್ದ. ಎರಡನೆಯ ಸಲ ಹಾಗಾದಾಗ ಅವಳು ಮಂಚದ ಪಕ್ಕದಲ್ಲಿ ಕೂತುಬಿಟ್ಟಳು.

"ಅಜ್ಜ, ಹೀಗೇ ಆದ್ರೆ ನಾನು ಡಾಕ್ಟರಿಗೆ ಹೇಳ್ಬೇಕಾಗುತ್ತೆ. ಬೇಸಗೆ ಮುಗಿಯೋ ತನಕ ನಿಮ್ಮನ್ನ ಊರಾಚೆ ವೃದ್ಧರ ವಾರ್ಡಿಗೆ ಕಳಿಸ್ತಾರೆ."

ಹಿಂದಿನ ವರ್ಷ ಕಾಲು ಮುರಿದಾಗ ಅಜ್ಜ ಆ ವಾರ್ಡಿನಲ್ಲಿ ಇದ್ದು ಬಂದಿದ್ದ. ಬಂದ ಮೇಲೆ ಬಹಳ ದಿನ ಕತ್ತರಿಗೆ ಸಾಣೆ ಹಿಡಿಯಲೂ ಅವನಿಗೆ ಮನಸ್ಸು ಬಂದಿರಲಿಲ್ಲ. ನರ್ಸಮ್ಮ ಇಳಿದುಹೋದ ಮೇಲೆ ಕಿಟಕಿಗೆ ಬಂದು ನಿಂತ.

"ಅಲ್ಲಿ ಬಾಗಿಲಿಗೆ ಒಳಗಡೆ ಚಿಲಕ ಇಲ್ಲ ಕಣೇ ಸೂಜಿ" ಎಂದ. "ಎಲ್ಲಾ ಹೊರಗಡೆಯಿಂದಲೇ."

ತಮಾಷೆಯ ಮನುಷ್ಯ ತಮಾಷೆ ಬಿಟ್ಟು ಮಾತಾಡಿದ್ದನ್ನು ಅಜ್ಜಿ ಅಂದೇ ಮೊದಲು ಕೇಳಿದ್ದು.

ಮಾರನೆಯ ಬೆಳಗ್ಗೆ ಅವಳು ಗಜಕಡ್ಡಿ ಚಾಚಿ, ಅಜ್ಜನ ಕಿಟಕಿಯ ನೀಲಿ ಬಟ್ಟೆಯ ಕುಣಿಕೆಯನ್ನು ಮೊಳೆಯಿಂದ ಬಿಡಿಸಿ, ಈಚೆಗೆ ಎಳೆದುಕೊಂಡಳು. ತನ್ನ ಬಕೆಟ್ಟಿನಲ್ಲಿ ಅದ್ದಿ ಮತ್ತೆ ಕಡ್ಡಿಯ ತುದಿಗೆ ಸಿಕ್ಕಿಸಿ ಕಳಿಸಿದಳು. ಒದ್ದೆ ಬಟ್ಟೆಯ ಭಾರಕ್ಕೆ ಕಡ್ಡಿ ಬಾಗಿತು, ಅವಳ ಮಣಿಕಟ್ಟು ನಡುಗಿತು. ಕೆಳಗೆ ಅಂಗಡಿಯ ಮುಂದೆ ನಿಂತಿದ್ದ ಕ್ಷೌರಿಕನ ಬೋಳುತಲೆಗೆ ನೀರು ಬಿದ್ದು, "ಏನಜ್ಜೀ, ಮಳೆಗಾಲ ನಿಮ್ಮನೆಗೆ ಮೊದಲು ಬಂತಾ?" ಎಂದು ಕೂಗಿದ.

ಸದ್ದಿಗೆ ಅಜ್ಜ ಕಣ್ಣುಬಿಟ್ಟ. ಕಿಟಕಿಯಲ್ಲಿ ತೂಗುವ ಕಡ್ಡಿಯನ್ನೂ ಅದರ ಹಿಂದೆ ಅಜ್ಜಿಯ ಬಿಗಿದ ತುಟಿಯನ್ನೂ ನೋಡಿ ನಗಲು ತೊಡಗಿದ. ಕೆಮ್ಮು ಬರುವ ತನಕ ನಕ್ಕ.

"ನನ್ನ ಹಾಜರಿ ನೀನು ಕೂಗ್ತಿದ್ದೀಯಾ? ನಮ್ಮ ನರ್ಸ್ ಮೇಷ್ಟ್ರಿಗೆ ಗೊತ್ತಾದ್ರೆ ಇಬ್ಬರನ್ನೂ ಬೆಂಚ್ ಮೇಲೆ ನಿಲ್ಲಿಸ್ತಾರೆ!"

"ಸುಮ್ನೆ ಮಲಕ್ಕೋ. ಮೇಷ್ಟ್ರು ಕಲ್ಲು ನೋಡ್ತಾರೆ, ನಿನ್ನ ಮುಖ ನೋಡಲ್ಲ."

ಅಂದಿನಿಂದ ಅದು ಇಬ್ಬರ ಆಟವಾಯಿತು. ನರ್ಸಮ್ಮ ಕಲ್ಲು ನೋಡಿ, ತಲೆಯೆತ್ತಿ ಕೈಬೀಸಿ ಮುಂದೆ ಹೋಗುತ್ತಿದ್ದಳು. ಅಜ್ಜಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ನಲ್ಲಿಯ ಹತ್ತಿರ ಸಿಕ್ಕಿದ ಬೇಕರಿಯವನ ಹೆಂಡತಿಗೆ ಗುಟ್ಟು ಹೇಳಿಬಿಟ್ಟಳು. ಮೂಲೆಮನೆಯಲ್ಲಿ ಅವಳ ಅತ್ತೆ ಹಾಸಿಗೆ ಬಿಟ್ಟು ಏಳುವುದಕ್ಕೆ ಕಷ್ಟಪಡುತ್ತಿದ್ದಳು. "ನೀನೇ ನೆನೆಸಿ ಹಾಕಿ ಹೋಗೇ, ಆ ಮುದುಕೀನ ಯಾಕೆ ಗೋಳು ಹೊಯ್ಕೋಬೇಕು" ಎಂದಿದ್ದಳು ಅಜ್ಜಿ.

ಆಮೇಲೆ ಆ ದಿನ ಬಂತು. ಬೆಳಗ್ಗೆಯೇ ಬಕೆಟ್ಟಿನ ನೀರು ಬೆಚ್ಚಗಿತ್ತು. ಹಿಂದಿನ ಸಂಜೆ ಅಜ್ಜ, "ತಲೆ ಭಾರ ಕಣೇ. ನಾಳೆ ನನ್ನ ಎಬ್ಬಿಸಬೇಡ, ಹಾಜರಿ ಹಾಕ್ಬಿಡು" ಎಂದು ಹೇಳಿ ಕಿಟಕಿಯ ಬಾಗಿಲು ಅರ್ಧ ಮುಚ್ಚಿಕೊಂಡಿದ್ದ. ಅಜ್ಜಿ ಸದ್ದು ಮಾಡದೆ ಕಡ್ಡಿ ಚಾಚಿ, ಬಟ್ಟೆ ಅದ್ದಿ, ಮೊಳೆಗೆ ಸಿಕ್ಕಿಸಿದಳು. ಅರ್ಧ ಬಾಗಿಲಿನ ಸಂದಿಯಲ್ಲಿ ಮಂಚದ ಅಂಚೂ ಅಜ್ಜನ ಒಂದು ಪಾದವೂ ಕಾಣಿಸಿದವು. ಮಲಗಲಿ ಪಾಪ ಎಂದುಕೊಂಡಳು.

ಮಧ್ಯಾಹ್ನ ಮತ್ತೆ ಅದ್ದಿ ಹಾಕಿದಳು. ಪಾದ ಅಲ್ಲೇ ಇತ್ತು. ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ನರ್ಸಮ್ಮ ಬಂದಳು. ಕಲ್ಲು ನೋಡಿದಳು. ಅವತ್ತು ಏನನ್ನಿಸಿತೋ, ಮುಂದೆ ಹೋಗದೆ ನಿಂತು ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಅಜ್ಜೀ, ನೀರು ಕುಡಿದ್ರಾ?"

"ಕುಡಿದೆ ಕಣಮ್ಮ, ಹೊಟ್ಟೇಲಿ ಕೊಡ ಇಟ್ಟಂಗಾಗಿದೆ."

"ಬೀಗದಜ್ಜ ಹೇಗಿದ್ದಾರೆ? ದನೀನೇ ಇಲ್ಲ?"

ಅಜ್ಜಿಯ ಬಾಯಿಗೆ ಮಾತು ತಾನಾಗಿ ಬಂತು. "ಈಗ ತಾನೇ ಎದ್ದು ಬಟ್ಟೆ ನೆನೆಸಿ ಹಾಕಿ ಮಲಗಿದ್ರಮ್ಮ. ಚೆನ್ನಾಗಿದ್ದಾರೆ."

ನರ್ಸಮ್ಮ ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು.

ಸಂಜೆ ಗಾಳಿ ಬಂತು. ಗಾಳಿಯ ಜೊತೆಗೆ ಬರಬೇಕಾದ ಮಾತು ಬರಲಿಲ್ಲ. "ಅಣ್ಣಾ" ಎಂದು ಕರೆದಳು. ಗಜಕಡ್ಡಿಯಿಂದ ಅರ್ಧ ಬಾಗಿಲನ್ನು ತಳ್ಳಿದಳು. ಅಜ್ಜ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದ. ಆ ಸೆಕೆಯಲ್ಲಿ ಅವನ ಅಂಗಿಯ ಬೆನ್ನಿನ ಮೇಲೆ ಬೆವರಿನ ಒಂದು ಗುರುತೂ ಇರಲಿಲ್ಲ. ಮಂಚದ ಪಕ್ಕದ ನೀರಿನ ಹೂಜಿಯ ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇತ್ತು. ಅಜ್ಜಿ ಕಿರುಚಿದ್ದಕ್ಕೆ ಕ್ಷೌರಿಕ ಕತ್ತರಿ ಕೈಯಲ್ಲೇ ಹಿಡಿದು ಮೆಟ್ಟಿಲು ಹತ್ತಿ ಓಡಿದ. ಬೀಗವಿಲ್ಲದ ಬಾಗಿಲು ತಕ್ಷಣ ತೆರೆಯಿತು.

ಉಸಿರು ಇತ್ತು. ಮೈ ಕಾದ ಬಾಣಲೆಯಂತಿತ್ತು. ಕುರ್ಚಿಯಲ್ಲಿ ಕೂರಿಸಿ ಇಳಿಸಿಕೊಂಡು ಹೋದರು. ಬೆಳಗಾಗುವಷ್ಟರಲ್ಲಿ ದೊಡ್ಡಾಸ್ಪತ್ರೆಯಲ್ಲಿ ಎಲ್ಲ ಮುಗಿಯಿತು.

ಮಣ್ಣು ಮಾಡಿ ಬಂದ ಮೇಲೆ ಮಗಳು ಅತ್ತೆಯ ಕೋಣೆಗೆ ಬಂದು, ಹೊಲಿಗೆಯಂತ್ರಕ್ಕೆ ಒರಗಿ ಕೂತಳು. ನರ್ಸಮ್ಮನೂ ಬಂದಳು. ಅವಳ ಕಣ್ಣು ಊದಿತ್ತು.

"ನಾನು ಎರಡು ಹೊತ್ತೂ ನೋಡಿದೆ ಅಕ್ಕಾ. ಮಧ್ಯಾಹ್ನಾನೂ ಅವರೇ ಎದ್ದು ಬಟ್ಟೆ ನೆನೆಸಿ ಹಾಕಿದ್ರು. ಅಲ್ಲೀವರೆಗೂ ಚೆನ್ನಾಗೇ ಇದ್ದಿದ್ದಾರೆ. ಆಮೇಲೆ ಏನಾಯ್ತೋ, ಬೇಗ ಆಗಿಹೋಗಿದೆ. ಜಾಸ್ತಿ ನರಳಿರಲ್ಲ."

ಮಗಳು ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೌದಾ ಅತ್ತೆ? ಮಧ್ಯಾಹ್ನ ಓಡಾಡ್ತಿದ್ರಾ? ದಿನವೆಲ್ಲಾ ಒಬ್ಬರೇ ಬಿದ್ದಿದ್ರೇನೋ ಅಂತ ಅಂದ್ಕೊಂಡು ನನಗೆ ಅನ್ನ ಇಳೀತಿಲ್ಲ."

ಅಜ್ಜಿ ತಲೆಯಾಡಿಸಿದಳು. ಹೌದು ಎಂದೋ ಇಲ್ಲ ಎಂದೋ ಅವಳಿಗೇ ತಿಳಿಯಲಿಲ್ಲ. ಮಗಳು ಅದನ್ನು ಹೌದು ಎಂದೇ ತೆಗೆದುಕೊಂಡು, ಅವಳ ಮಡಿಲಲ್ಲಿ ತಲೆಯಿಟ್ಟು ಮೊದಲ ಬಾರಿಗೆ ಜೋರಾಗಿ ಅತ್ತಳು. ಅತ್ತು ಅತ್ತು ಅಲ್ಲೇ ನಿದ್ದೆಹೋದಳು. ಅಜ್ಜಿ ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲ. ಒಂದು ಸುಳ್ಳಿಗೆ ಈ ಹುಡುಗಿಗೆ ನಿದ್ದೆ ಬರುತ್ತದಾದರೆ ಇರಲಿ, ಸಾಯುವ ತನಕ ನಾನೇ ಅದನ್ನು ಹೊತ್ತುಕೊಂಡಿರುತ್ತೇನೆ ಎಂದುಕೊಂಡಳು.

ಕೆಲವು ದಿನ ಹಾಗೇ ಹೊತ್ತಳು. ತನ್ನ ಬಟ್ಟೆಯನ್ನು ಅದ್ದುವಾಗ ಎದುರಿನ ನೀಲಿ ಬಟ್ಟೆ ಕಾಣದಂತೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಒಣಗಿ ರಟ್ಟಿನಂತಾಗಿದ್ದ ಅದು ಗಾಳಿಗೆ ಗೋಡೆಗೆ ಬಡಿದು ಸದ್ದು ಮಾಡುತ್ತಿತ್ತು. ಹಾಗೆ ಮುಖ ತಿರುಗಿಸಿಕೊಂಡ ಒಂದು ಮಧ್ಯಾಹ್ನ ಅವಳ ಕಣ್ಣು ಮೂಲೆಮನೆಯ ಕೆಳಗಿನ ಕಲ್ಲಿನ ಮೇಲೆ ಬಿತ್ತು. ಕಲ್ಲು ಒದ್ದೆಯಾಗಿತ್ತು. ಬೇಕರಿಯವನ ಹೆಂಡತಿ ಆಗಲೇ ಅಂಗಡಿಯ ಕಡೆಗೆ ಹೋಗಿಯಾಗಿತ್ತು. ಹೋಗುವುದನ್ನು ಅಜ್ಜಿಯೇ ನೋಡಿದ್ದಳು.

ಹಾಗಾದರೆ ಒಳಗೆ ಮಲಗಿರುವವಳು ಎದ್ದಿದ್ದಾಳೋ ಇಲ್ಲವೋ?

ಅಜ್ಜಿ ಚಪ್ಪಲಿ ಹಾಕದೆ ಇಳಿದಳು. ಕಲ್ಲುಹಾಸು ಅಂಗಾಲು ಸುಟ್ಟಿತು. ಮೂಲೆಮನೆಯ ಮೆಟ್ಟಿಲನ್ನು ಕೈಯೂರಿ, ಕೂತು, ಮತ್ತೆ ಎದ್ದು ಹತ್ತಿದಳು. ಬಾಗಿಲು ತಳ್ಳಿದಾಗ ಮುದುಕಿ ಗೋಡೆಗೆ ಒರಗಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು.

"ಅಯ್ಯೋ ಸೂಜೀ! ಏನೇ ಇದು, ಭೂತ ನೋಡ್ದಂಗೆ ನೋಡ್ತೀಯಾ?"

"ಬಟ್ಟೆ ಯಾರು ನೆನೆಸಿದ್ದು?" ಅಜ್ಜಿಗೆ ಉಸಿರು ಸಾಲದಾಗಿತ್ತು.

"ಸೊಸೆ. ನನ್ನ ಹಾಜರಿ ಹಾಕ್ಬಿಟ್ಟೇ ಅಂಗಡಿಗೆ ಹೋಗೋದು ಅವಳು. ನೀನೇ ಅಲ್ವೇನೇ ಹೇಳಿಕೊಟ್ಟಿದ್ದು? ಈಗ ಆ ಕಡೆ ಮನೆ ರಿಟೈರ್ಡ್ ಮೇಷ್ಟ್ರಿಗೂ ಅವಳೇ ಹಾಕ್ತಾಳೆ. ಪಾಪ, ಅವರಿಗೂ ಕೈ ಎತ್ತೋಕಾಗಲ್ಲ."

ಅಜ್ಜಿ ಹೊಸ್ತಿಲ ಮೇಲೇ ಕುಸಿದು ಕೂತಳು. ಮುದುಕಿ ಕೊಟ್ಟ ನೀರನ್ನು ಅರ್ಧ ಕುಡಿದು, ಅರ್ಧ ಚೆಲ್ಲಿಕೊಂಡಳು.

ನರ್ಸಮ್ಮ ಬರುವಾಗ ಅಜ್ಜಿ ಕ್ಷೌರಿಕನ ಅಂಗಡಿಯ ಮುಂದಿನ ಕಟ್ಟೆಯ ಮೇಲಿದ್ದಳು. ಅವತ್ತು ಮಗಳೂ ಬಂದಿದ್ದಳು, ಅಪ್ಪನ ಕೋಣೆ ಖಾಲಿ ಮಾಡಲಿಕ್ಕೆ. ಕೀಲಿ ಉಜ್ಜುವ ಅರಗಳು, ಕೀಲಿಯ ಗೊಂಚಲುಗಳು ತುಂಬಿದ ಪೆಟ್ಟಿಗೆಯನ್ನು ತಬ್ಬಿಕೊಂಡು ಮೆಟ್ಟಿಲಿನ ಬಾಗಿಲಲ್ಲಿ ಹೊರಗೆ ಬಂದಳು. ಅವಳು ಮುಂದೆ ಹೋಗುವ ತನಕ ಅಜ್ಜಿ ಕಾಯಬಹುದಿತ್ತು. ಆದರೆ ನರ್ಸಮ್ಮ ಆಗಲೇ ಮೂಲೆಮನೆಯ ಕಲ್ಲು ನೋಡಿ, ಮೇಷ್ಟ್ರ ಮನೆಯ ಕಲ್ಲು ನೋಡಿ, ಸರಿ ಎಂಬಂತೆ ತಲೆಯಾಡಿಸಿ ದಾಟಿಬಂದಿದ್ದಳು.

"ಆ ಕಲ್ಲು ನಂಬಬೇಡ ಕಣಮ್ಮ" ಎಂದಳು ಅಜ್ಜಿ.

"ಏನಜ್ಜಿ?"

"ಅವರು ನೆನೆಸಿದ್ದಲ್ಲ ಅದು. ಬೇರೆಯವರು ನೆನೆಸಿದ್ದು. ನಾನು ಹೇಳಿಕೊಟ್ಟಿದ್ದು. ಅಣ್ಣಂದೂ ನಾನೇ ನೆನೆಸ್ತಿದ್ದೆ, ಗಜಕಡ್ಡಿ ಚಾಚಿ. ಅವತ್ತೂ ನಾನೇ. ಎರಡು ಹೊತ್ತೂ."

ಕ್ಷೌರಿಕನ ಕತ್ತರಿಯ ಸದ್ದು ನಿಂತಿತು. ನರ್ಸಮ್ಮನ ಮುಖದಲ್ಲಿ ಮೊದಲು ಅರ್ಥವಾಗದ ನಗೆಯೊಂದು ಇತ್ತು. ಅದು ನಿಧಾನವಾಗಿ ಇಳಿದುಹೋಯಿತು.

"ಅಜ್ಜಿ, ನಾನು ಕೇಳಿದ್ದೆನಲ್ಲ. ಈಗ ತಾನೇ ಎದ್ದಿದ್ರು ಅಂದ್ರಿ."

"ಅಂದೆ. ನೀನು ವಾರ್ಡಿಗೆ ಕಳಿಸ್ತೀಯಾ ಅಂತ ಸುಳ್ಳು ಹೇಳಿದೆ."

ಮಗಳು ಪೆಟ್ಟಿಗೆಯನ್ನು ಕೆಳಗಿಡಲಿಲ್ಲ. ಅದರೊಳಗೆ ಕೀಲಿಗಳು ಗಲಗಲ ಎಂದವು.

"ಬೆಳಗ್ಗೆ ಅಪ್ಪ ಹೇಗಿದ್ರು ಅತ್ತೆ? ಎದ್ದಿದ್ರಾ?"

"ಗೊತ್ತಿಲ್ಲಮ್ಮ. ಕಾಲು ಕಾಣಿಸ್ತಿತ್ತು. ನಾನು ಮುಖ ನೋಡ್ಲಿಲ್ಲ, ಕೂಗ್ಲಿಲ್ಲ. ನಿದ್ದೆ ಕೆಡಿಸ್ಬಾರ್ದು ಅಂತ ಬಟ್ಟೆ ಮಾತ್ರ ಹಾಕಿದೆ."

ಮಗಳು ನರ್ಸಮ್ಮನನ್ನು ನೋಡಿದಳು. ಬೆಳಗ್ಗೆಯೇ ಕಂಡಿದ್ದರೆ ಏನಾಗುತ್ತಿತ್ತು ಎಂದು ಅವಳ ಕಣ್ಣು ಕೇಳುತ್ತಿತ್ತು. ನರ್ಸಮ್ಮ ಚೀಲವನ್ನು ಕಟ್ಟೆಯ ಮೇಲಿಟ್ಟು, ಮೂಲೆಮನೆಯ ಮೆಟ್ಟಿಲಿನ ಕಡೆಗೆ ಹೆಚ್ಚುಕಡಿಮೆ ಓಡುತ್ತ ಹೋದಳು. ಆಮೇಲೆ ಮೇಷ್ಟ್ರ ಮನೆಗೆ. ಆಮೇಲೆ ಓಣಿಯ ಎಲ್ಲ ಮನೆಗೂ. ನಾಳೆಯಿಂದ ಬಟ್ಟೆ ಒದ್ದೆಯಿದ್ದರೂ ಸಾಲದು, ಕೂಗಿದಾಗ ತಾವೇ ಓಗೊಡಬೇಕು, ಓಗೊಡದಿದ್ದರೆ ಹತ್ತಿರವಿದ್ದವರು ಯಾರೇ ಆಗಲಿ ಮೇಲೆ ಹೋಗಬೇಕು ಎಂದು ಅವಳು ಒಂದೊಂದು ಮನೆಯಲ್ಲೂ ಹೇಳುತ್ತಿದ್ದದ್ದು ಕೆಳಗೆ ಕೇಳಿಸುತ್ತಿತ್ತು.

ಮಗಳು ಪೆಟ್ಟಿಗೆ ಹೊತ್ತು ಹೋದಳು. ಅತ್ತೆಯ ಕಡೆಗೆ ತಿರುಗಲಿಲ್ಲ.

ಹೊತ್ತು ಇಳಿಯುವಾಗ ಉಳಿದ ಸಾಮಾನಿಗೆಂದು ಮತ್ತೆ ಬಂದಳು. ಅಜ್ಜಿ ತನ್ನ ಕಿಟಕಿಯಲ್ಲಿ ಕೂತಿದ್ದಳು. ಎದುರಿನ ಕೋಣೆಯಲ್ಲಿ ಹಾಸಿಗೆ ಸುತ್ತುವುದು, ಹೂಜಿಯ ನೀರು ಚೆಲ್ಲುವುದು, ಕಸ ಗುಡಿಸುವುದು ಎಲ್ಲ ಕಾಣಿಸುತ್ತಿತ್ತು. ಕೊನೆಗೆ ಮಗಳು ಕಿಟಕಿಗೆ ಬಂದು, ನೀಲಿ ಬಟ್ಟೆಯನ್ನು ಮೊಳೆಯಿಂದ ತೆಗೆದು, ಮಡಚಿ, ಕಂಕುಳಲ್ಲಿ ಇಟ್ಟುಕೊಂಡಳು. ಅಷ್ಟು ಹತ್ತಿರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಇರುವಂತಿರಲಿಲ್ಲ.

"ನೀವು ಒಳ್ಳೇದಕ್ಕೇ ಮಾಡಿದ್ರಿ ಅಂತ ಗೊತ್ತು" ಎಂದಳು ಮಗಳು. "ಆದ್ರೆ ನನಗೆ ಪರವಾಗಿಲ್ಲ ಬಿಡಿ ಅನ್ನೋಕೆ ಬಾಯಿ ಬರ್ತಿಲ್ಲ."

"ಬೇಡಮ್ಮ. ಅನ್ನಬೇಡ."

ಮಗಳು ಕಿಟಕಿಯ ಬಾಗಿಲನ್ನು ಎಳೆದುಕೊಳ್ಳಲು ಕೈ ಹಾಕಿದಳು. ಹಾಕಿ, ಹಾಗೇ ನಿಂತಳು. ತಿರುಗಿ ಹಿಂದಿನ ಕಿಟಕಿಯನ್ನು ನೋಡಿದಳು. ಗಾಳಿಯ ಬಗ್ಗೆ ಅಪ್ಪನ ಹಳೆಯ ಮಾತು ಅವಳಿಗೂ ನೆನಪಿದ್ದಿರಬೇಕು. ಎರಡು ಕಿಟಕಿಯನ್ನೂ ತೆರೆದೇ ಬಿಟ್ಟು ಹೊರಟಳು. ಬಾಗಿಲು ಮುಚ್ಚಿದ್ದು, ಅದಕ್ಕೆ ಬೀಗ ಬಿದ್ದದ್ದು ಅಜ್ಜಿಗೆ ಸ್ಪಷ್ಟವಾಗಿ ಕೇಳಿಸಿತು. ಆ ಬಾಗಿಲಿನಲ್ಲಿ ಆ ಸದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗಾಳಿ ಬಂತು. ಖಾಲಿ ಕೋಣೆಯನ್ನು ದಾಟಿ, ಓಣಿಯನ್ನು ದಾಟಿ, ಅಜ್ಜಿಯ ಬೆವೆತ ಕತ್ತಿಗೆ ತಾಗಿತು. ಬೀಡಿಯ ವಾಸನೆ ಇರಲಿಲ್ಲ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಸೂಜಿಯಜ್ಜೀ!" ಕೆಳಗಿನಿಂದ ಕ್ಷೌರಿಕ ಕೂಗಿದ. "ನರ್ಸಮ್ಮ ನಿಮ್ಮನ್ನ ನನ್ನ ಪಾಲಿಗೆ ಹಾಕಿದ್ದಾರೆ. ಓ ಅನ್ನಿ!"

ಅಜ್ಜಿಗೆ ದನಿ ಹೊರಡಲಿಲ್ಲ. ಅವನು ಇನ್ನೊಮ್ಮೆ ಕೂಗಿದ. ಆಮೇಲೆ ಅವನ ಚಪ್ಪಲಿಯ ಸದ್ದು ಮೆಟ್ಟಿಲು ಹತ್ತತೊಡಗಿತು. ಅವನಿಗೂ ವಯಸ್ಸಾಗಿದೆ, ಅವನ ಮೊಣಕಾಲೂ ನೋಯುತ್ತದೆ ಎಂಬುದು ಅಜ್ಜಿಗೆ ಗೊತ್ತಿತ್ತು.

"ಬರಬೇಡಪ್ಪಾ" ಎಂದಳು. ಗಂಟಲು ಸರಿಮಾಡಿಕೊಂಡು, ಓಣಿಗೆಲ್ಲ ಕೇಳುವಂತೆ, ಮತ್ತೆ ಹೇಳಿದಳು. "ಇದ್ದೀನಿ."